ತತ್ತ್ವಪದವೂ ಗಿಟಾರೂ: ಶರೀಫ ಸಾಹೇಬರ ಪದಗಳ ಹೊಸ ಮೇಳ

೧

ಹಾಡಿಗೆ ಎರಡು ಬಾಳುಗಳುಂಟು. ಒಂದು ಮಾತಿನ ಬಾಳು, ಇನ್ನೊಂದು ನಾದದ ಬಾಳು. ಭಾವಗೀತೆಯಲ್ಲಿ ಸಾಮಾನ್ಯವಾಗಿ ಮಾತು ಮೊದಲು ಹುಟ್ಟುತ್ತದೆ. ನಾದ ಆಮೇಲೆ ಬಂದು ಅದನ್ನು ಕೂಡಿಕೊಳ್ಳುತ್ತದೆ. ತತ್ತ್ವಪದದ ಸಂಗತಿ ಹಾಗಲ್ಲ. ಅದು ಹುಟ್ಟಿದ್ದೇ ಹಾಡಾಗಿ. ಬೆಳೆದದ್ದು ಭಜನೆಯ ಮೇಳದಲ್ಲಿ. ಏಕತಾರಿ, ದಮ್ಮಡಿ, ತಾಳಗಳ ನಡುವೆ ಕುಳಿತು ಹಾಡಿದವರು ಪದವನ್ನು ಹಾಡಿ ಮುಗಿಸಿ ಎದ್ದು ಹೋಗುತ್ತಿರಲಿಲ್ಲ. ಒಂದು ನುಡಿಯನ್ನು ಹಾಡಿ, ನಿಲ್ಲಿಸಿ, ಅದರ ಒಳಗನ್ನು ಬಿಡಿಸಿ ಹೇಳಿ, ಮತ್ತೆ ಮುಂದಿನ ನುಡಿಗೆ ಹೋಗುವುದು ಆ ಸಂಪ್ರದಾಯದ ಕ್ರಮ. ಹೀಗಾಗಿ ತತ್ತ್ವಪದದಲ್ಲಿ ಹಾಡು, ಅರ್ಥ, ಸಭೆ ಈ ಮೂರೂ ಒಂದೇ ಕ್ರಿಯೆಯ ಅಂಗಗಳಾಗಿದ್ದವು.

ಶಿಶುನಾಳ ಷರೀಫ ಸಾಹೇಬರ (೧೮೧೯–೧೮೮೯) ಪದಗಳು ಈಗ ಬೇರೊಂದು ಮೇಳದಲ್ಲಿ ಕೇಳಿಬರುತ್ತಿವೆ. ಏಕತಾರಿಯ ಜಾಗದಲ್ಲಿ ಗಿಟಾರು, ದಮ್ಮಡಿಯ ಜಾಗದಲ್ಲಿ ಡ್ರಮ್ಮು, ಮಠದ ಅಂಗಳದ ಜಾಗದಲ್ಲಿ ಸಾವಿರಾರು ಜನ ನಿಂತು ಕೇಳುವ ಬಯಲು. ೨೦೦೮ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್ ಎಂಬ ರಾಕ್ ತಂಡದ ಮೊದಲ ಆಲ್ಬಮ್ ಹೊರಬಂದ ಮೇಲೆ ಈ ಮಾರ್ಪಾಟು ಎಲ್ಲರ ಗಮನಕ್ಕೂ ಬಂದಿತು. ಅದನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ಸಂತನ ವಾಣಿಯನ್ನು ಕುಣಿತದ ಸಾಮಗ್ರಿಯನ್ನಾಗಿ ಮಾಡಿದರೆಂದು ಕೆಲವರು ನೊಂದುಕೊಳ್ಳುತ್ತಾರೆ. ತರುಣರ ಕಿವಿಗೆ ಶರೀಫರನ್ನು ಮುಟ್ಟಿಸಿದರೆಂದು ಕೆಲವರು ಹಿಗ್ಗುತ್ತಾರೆ. ಈ ಎರಡೂ ಅಭಿಪ್ರಾಯಗಳು ವಾದ್ಯವನ್ನು ನೋಡಿ ಹುಟ್ಟಿದವು. ಪದವನ್ನು ನೋಡಿ ಹುಟ್ಟಿದವಲ್ಲ. ಏಕತಾರಿಯೇನೂ ಅಪೌರುಷೇಯವಲ್ಲ, ಗಿಟಾರಿಗೂ ತತ್ತ್ವಕ್ಕೂ ಹುಟ್ಟು ಹಗೆಯಿಲ್ಲ. ವಿಚಾರ ಮಾಡಬೇಕಾದದ್ದು ಬೇರೆ: ಹೊಸ ಮೇಳದಲ್ಲಿ ಪದದ ಮಾತಿಗೆ ಯಾವ ಸ್ಥಾನ ಉಳಿದಿದೆ? ಮೇಳ ಮಾತನ್ನು ಹೊತ್ತು ನಡೆದಿದೆಯೋ, ಇಲ್ಲವೆ ಮಾತೇ ಮೇಳಕ್ಕೆ ಹೊರೆಯಾಳಾಗಿದೆಯೋ?

ಇದು ಕರ್ನಾಟಕದ ಒಳಗಿರುವವರಿಗಿಂತ ಹೊರಗಿರುವವರಿಗೆ ಹೆಚ್ಚು ಸಂಬಂಧಿಸಿದ ಪ್ರಶ್ನೆ. ಅದರ ಕಾರಣ ಮುಂದೆ ತಿಳಿದೀತು.

೨

ಇಂಥದೇ ಪ್ರಶ್ನೆ ಇಂಗ್ಲೆಂಡಿನಲ್ಲಿ ಸುಮಾರು ನಾಲ್ಕು ದಶಕಗಳ ಮೊದಲೇ ಎದ್ದಿತ್ತು. ಅಲ್ಲಿ ಅದಕ್ಕೆ ದೊರೆತ ಉತ್ತರ ನಮ್ಮ ವಿವೇಚನೆಗೆ ಒಂದು ಅಳತೆಗೋಲನ್ನು ಒದಗಿಸುತ್ತದೆ.

ಫೇರ್‌ಪೋರ್ಟ್ ಕನ್ವೆನ್ಷನ್ ಎಂಬ ರಾಕ್ ತಂಡ ೧೯೬೭ರಲ್ಲಿ ಲಂಡನ್ನಿನಲ್ಲಿ ಹುಟ್ಟಿತು. ಮೊದಮೊದಲು ಅದು ಅಮೆರಿಕದ ಹಾಡುಗಾರರ ಮಾದರಿಯನ್ನೇ ಹಿಡಿದು ನಡೆದಿತ್ತು. ೧೯೬೮ರಲ್ಲಿ ಸ್ಯಾಂಡಿ ಡೆನ್ನಿ ಎಂಬ ಗಾಯಕಿ ತಂಡವನ್ನು ಸೇರಿದಳು; ಇಂಗ್ಲಿಷ್ ಜಾನಪದ ಗೀತೆಗಳು ಅವಳೊಡನೆ ಬಂದವು. ೧೯೬೯ರ 'ಅನ್‌ಹಾಫ್‌ಬ್ರಿಕಿಂಗ್' ಎಂಬ ಆಲ್ಬಮ್‌ನಲ್ಲಿ 'ಎ ಸೇಲರ್ಸ್ ಲೈಫ್' ಎಂಬ ಹಳೆಯ ನಾವಿಕಗೀತೆ ಹನ್ನೊಂದು ನಿಮಿಷಗಳಿಗೂ ಮಿಕ್ಕು ಹರಿಯಿತು. ಆ ಆಲ್ಬಮ್ ಹೊರಬರುವ ಮೊದಲೇ, ಅದೇ ವರ್ಷದ ಮೇ ತಿಂಗಳಿನಲ್ಲಿ, ಬರ್ಮಿಂಗ್‌ಹ್ಯಾಮಿನಿಂದ ಹಿಂದಿರುಗುವಾಗ ತಂಡದ ವಾಹನ ಅಪಘಾತಕ್ಕೆ ಸಿಕ್ಕಿ, ಡ್ರಮ್ ವಾದಕ ಮಾರ್ಟಿನ್ ಲ್ಯಾಂಬಲ್ ಹತ್ತೊಂಬತ್ತನೆಯ ವಯಸ್ಸಿನಲ್ಲಿಯೇ ತೀರಿಕೊಂಡ. ಉಳಿದವರು ಹಳೆಯ ಹಾಡುಗಳನ್ನು ಮತ್ತೆ ಹಾಡಲು ಮನಸ್ಸಿಲ್ಲದೆ, ಹ್ಯಾಂಪ್‌ಷೈರಿನ ಒಂದು ಹಳ್ಳಿಮನೆಯಲ್ಲಿ ಬೇಸಗೆಯನ್ನು ಕಳೆದು, ಹೊಸ ದಾರಿಯೊಂದನ್ನು ಕಂಡುಕೊಂಡರು. ಆ ವರ್ಷದ ಡಿಸೆಂಬರಿನಲ್ಲಿ ಹೊರಬಂದ 'ಲೀಜ್ ಅಂಡ್ ಲೀಫ್' ಆ ದಾರಿಯ ಫಲ. ೨೦೦೬ರಲ್ಲಿ ಬಿಬಿಸಿಯ ಜಾನಪದ ಸಂಗೀತ ಪ್ರಶಸ್ತಿಗಳ ಸಂದರ್ಭದಲ್ಲಿ ಅದನ್ನು ಎಲ್ಲ ಕಾಲಕ್ಕೂ ಅತ್ಯಂತ ಪ್ರಭಾವಶಾಲಿಯಾದ ಜಾನಪದ ಆಲ್ಬಮ್ ಎಂದು ಆರಿಸಿದರು.

ಈ ತಂಡದ ಹಿಂದೆ ವಿದ್ವತ್ತಿನ ದೊಡ್ಡ ಭಂಡಾರವೊಂದಿತ್ತೆಂಬುದನ್ನು ಮರೆಯಬಾರದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಪ್ರಾಧ್ಯಾಪಕ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ೩೦೫ ಕಥನಗೀತೆಗಳನ್ನು ಪಾಠಾಂತರ ಸಹಿತ ಸಂಪಾದಿಸಿದ್ದನು. ಅನಂತರ ಸೆಸಿಲ್ ಶಾರ್ಪ್ (೧೮೫೯–೧೯೨೪) ಹಳ್ಳಿಹಳ್ಳಿ ತಿರುಗಿ ಧಾಟಿಗಳನ್ನು ಬರೆದುಕೊಂಡನು. ಅವನ ಹೆಸರಿನ ಭವನದ ಗ್ರಂಥಾಲಯದಲ್ಲಿ ತಂಡದ ಆಶ್ಲಿ ಹಚಿಂಗ್ಸ್ ಕುಳಿತು ಹಾಡುಗಳನ್ನು ಹುಡುಕಿದನು. ಎಂದರೆ, ಗಿಟಾರನ್ನು ಕೈಗೆತ್ತಿಕೊಳ್ಳುವ ಮೊದಲು ಪಾಠವನ್ನು ಓದಿದರು.

ಆ ಆಲ್ಬಮ್‌ನ 'ಮ್ಯಾಟಿ ಗ್ರೋವ್ಸ್' ಎಂಬ ಕಥನಗೀತೆಯನ್ನು ನೋಡಬಹುದು. ಹಬ್ಬದ ದಿನ ಚರ್ಚಿನಲ್ಲಿ ಜಮೀನುದಾರನ ಹೆಂಡತಿ ಬಡ ತರುಣನೊಬ್ಬನನ್ನು ಕಂಡು ಮೋಹಿಸಿ ಮನೆಗೆ ಕರೆಯುತ್ತಾಳೆ. ಆಳೊಬ್ಬ ಓಡಿ ಒಡೆಯನಿಗೆ ಸುದ್ದಿ ಮುಟ್ಟಿಸುತ್ತಾನೆ. ಒಡೆಯ ಬಂದು ತರುಣನನ್ನು ಕೊಲ್ಲುತ್ತಾನೆ. ಸತ್ತವನೇ ತನಗೆ ಮೇಲೆಂದ ಹೆಂಡತಿಯನ್ನೂ ಕೊಲ್ಲುತ್ತಾನೆ. ಕೊನೆಗೆ ಇಬ್ಬರನ್ನೂ ಒಂದೇ ಗುಂಡಿಯಲ್ಲಿ ಹೂಳಲು ಹೇಳಿ, ಹೆಂಡತಿ ದೊಡ್ಡ ಮನೆತನದವಳಾದ್ದರಿಂದ ಅವಳನ್ನು ಮೇಲೆ ಇಡಬೇಕೆಂದು ಅಪ್ಪಣೆ ಮಾಡುತ್ತಾನೆ. ಸಾವಿನಲ್ಲಿಯೂ ಬಿಡದ ಅಂತಸ್ತಿನ ಈ ಕ್ರೂರ ವ್ಯಂಗ್ಯವೇ ಹಾಡಿನ ಜೀವಾಳ. ಈ ಮಾತು ಕಿವಿಗೆ ಬೀಳುವವರೆಗೆ ತಂಡ ತನ್ನ ವಾದ್ಯಗಳನ್ನು ಹಿಡಿತದಲ್ಲಿಟ್ಟುಕೊಳ್ಳುತ್ತದೆ. ನುಡಿಯ ಮೇಲೆ ನುಡಿ, ಅಲಂಕಾರವಿಲ್ಲದ ಕೊರಳು, ಒಂದೇ ನಡೆಯ ತಾಳ. ಕಥೆ ಮುಗಿದ ಮೇಲಷ್ಟೇ ರಿಚರ್ಡ್ ಥಾಮ್ಸನ್ನನ ಗಿಟಾರು, ಡೇವ್ ಸ್ವಾರ್ಬ್ರಿಕ್ಕನ ಪಿಟೀಲು ಕಟ್ಟು ಬಿಚ್ಚಿ ಓಡುತ್ತವೆ. ಹೇಳಲಾಗದೆ ಉಳಿದ ಉದ್ವೇಗವನ್ನು ವಾದ್ಯ ಹೇಳುತ್ತದೆ. ಹೇಳಬೇಕಾದ ಮಾತಿನ ಮೇಲೆ ಬಂದು ಕೂರುವುದಿಲ್ಲ.

ಇಲ್ಲಿಂದ ಹೊರಡುವ ಸೂತ್ರ ಸರಳವಾದದ್ದು. ಹಳೆಯ ಹಾಡನ್ನು ಹೊಸ ಮೇಳಕ್ಕೆ ತರುವವನು ಹಾಡಿನ ಭಾರ ಯಾವ ನುಡಿಯ ಮೇಲೆ ನಿಂತಿದೆಯೆಂಬುದನ್ನು ಮೊದಲು ಅರಿಯಬೇಕು. ಮೇಳದ ಬಲವೆಲ್ಲ ಆ ನುಡಿಯ ಕಡೆಗೆ ದಾರಿ ಮಾಡಿಕೊಡಬೇಕು.

೩

ಕನ್ನಡದ ಉದಾಹರಣೆಗಳಿಗೆ ಬರುವ ಮುನ್ನ ಹಾಡಿನ ಅಳತೆಯ ಮಾತನ್ನೂ ಗಮನಿಸಬೇಕು. ಹಾಡನ್ನು ಹೊರುವ ಪಾತ್ರೆ ಹಾಡಿನ ಆಕಾರವನ್ನೂ ನಿರ್ಣಯಿಸುತ್ತದೆ. ನಿಮಿಷಕ್ಕೆ ೭೮ ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಪಿ. ಕಾಳಿಂಗರಾಯರು (೧೯೧೪–೧೯೮೧) ಕನ್ನಡ ಕವಿಗಳ ಗೀತೆಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದ ಕಾಲದಲ್ಲಿ ಈ ಕಟ್ಟು ಇತ್ತು. ಎಷ್ಟು ದೊಡ್ಡ ಕವಿತೆಯಾದರೂ ತಟ್ಟೆಯ ಅಳತೆಗೆ ತಗ್ಗಬೇಕು. ದೀರ್ಘವಾದನದ ತಟ್ಟೆ ಬಂದ ಮೇಲೆ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ ದೊರೆಯಿತು. 'ಮ್ಯಾಟಿ ಗ್ರೋವ್ಸ್' ಎಂಟು ನಿಮಿಷ ನಡೆಯಲು ಸಾಧ್ಯವಾದದ್ದು ಈ ಅನುಕೂಲದಿಂದ. ಆಲ್ಬಮ್ ಎಂಬ ಕಲ್ಪನೆಗೆ ಕಲೆಯ ಗಾಂಭೀರ್ಯ ಬಂದದ್ದೂ ಇದರಿಂದಲೇ. ಹಾಡುಗಳನ್ನು ಒಂದು ಕ್ರಮದಲ್ಲಿ ಜೋಡಿಸಿ, ಒಂದರ ಬೆಳಕು ಇನ್ನೊಂದರ ಮೇಲೆ ಬೀಳುವಂತೆ ಮಾಡುವುದು, ಕವನಸಂಕಲನವನ್ನು ಕಟ್ಟುವಂಥದೇ ಕೆಲಸ.

ಕನ್ನಡದಲ್ಲಿ ಈ ಅನುಕೂಲ ಹೆಚ್ಚಾಗಿ ಕ್ಯಾಸೆಟ್ಟಿನ ರೂಪದಲ್ಲಿ ಬಂದಿತು. ೧೯೭೮ರಲ್ಲಿ ಕೆ. ಎಸ್. ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ಧಾಟಿ ಕಟ್ಟಿದ 'ನಿತ್ಯೋತ್ಸವ' ಹೊರಬಂದು, ಭಾವಗೀತೆಯ ಕ್ಯಾಸೆಟ್ಟುಗಳ ಯುಗವನ್ನು ತೆರೆಯಿತು. ಆ ಯುಗದಲ್ಲಿಯೇ ಸಿ. ಅಶ್ವತ್ಥ್ (೧೯೩೯–೨೦೦೯) ಶರೀಫರ ಪದಗಳನ್ನು ಕೈಗೆತ್ತಿಕೊಂಡರು. ಕವಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರ ಸಾಹಿತ್ಯದೃಷ್ಟಿ ಅವರಿಗೆ ಬೆಂಬಲವಾಗಿತ್ತು. ಶಿವಮೊಗ್ಗ ಸುಬ್ಬಣ್ಣನವರ ಕಂಚಿನ ಕಂಠ ನೆರವಾಯಿತು. ಧಾರವಾಡದ ಸೀಮೆಯ ಭಜನಾಮೇಳಗಳಲ್ಲಿ ಮಾತ್ರ ಬಳಕೆಯಲ್ಲಿದ್ದ ಪದಗಳು ಕೆಲವೇ ವರ್ಷಗಳಲ್ಲಿ ಬೆಂಗಳೂರು, ಮೈಸೂರು, ಮಂಗಳೂರುಗಳಿಗೆ ಹಬ್ಬಿದವು. ೧೯೯೦ರಲ್ಲಿ ಟಿ. ಎಸ್. ನಾಗಾಭರಣರು ನಿರ್ದೇಶಿಸಿದ 'ಸಂತ ಶಿಶುನಾಳ ಶರೀಫ' ಚಲನಚಿತ್ರ ಈ ಪ್ರಸಿದ್ಧಿಯನ್ನು ಪೂರ್ಣಗೊಳಿಸಿತು.

ಅಶ್ವತ್ಥರ ಕಾಲದಲ್ಲಿಯೂ ಆಕ್ಷೇಪಗಳಿಗೆ ಎಡೆಯಿದ್ದೇ ಇತ್ತು. ಭಜನೆಯ ಧಾಟಿಯನ್ನು ಬಿಟ್ಟು ಸ್ವಂತ ಧಾಟಿಗಳನ್ನು ಕಟ್ಟಿದ್ದು, ವಾದ್ಯವೃಂದವನ್ನು ತಂದದ್ದು ಇವೆಲ್ಲ ಸಂಪ್ರದಾಯದಿಂದ ಸರಿದ ಹೆಜ್ಜೆಗಳೇ. ಆದ್ದರಿಂದ ಶುದ್ಧ ಸಂಪ್ರದಾಯವೊಂದನ್ನು ಗಿಟಾರು ಬಂದು ಕೆಡಿಸಿತೆಂಬ ವಾದ ಇತಿಹಾಸಕ್ಕೆ ಒಪ್ಪುವುದಿಲ್ಲ. ಇಂದು ಯಾವುದನ್ನು ಶರೀಫರ ಮೂಲಧಾಟಿಯೆಂದು ನಗರದ ಕನ್ನಡಿಗರು ನೆನೆಯುತ್ತಾರೋ ಅದು ಬಹುಮಟ್ಟಿಗೆ ಅಶ್ವತ್ಥರ ಧಾಟಿ. ಆದರೆ ಅಶ್ವತ್ಥರಲ್ಲಿ ಒಂದು ನಿಷ್ಠೆಯಿತ್ತು. ಅವರ ಹಾಡಿಕೆಯಲ್ಲಿ ಒಂದೊಂದು ಶಬ್ದವೂ ಒತ್ತು ಪಡೆದು, ಕೆಲವೊಮ್ಮೆ ಅತಿಯಾಗಿಯೇ ಒತ್ತು ಪಡೆದು, ನಿಲ್ಲುತ್ತದೆ. ನಾಟಕದ ನಟನು ಮಾತನ್ನು ಎಸೆಯುವಂತೆ ಅವರು ಶಬ್ದವನ್ನು ಎಸೆಯುತ್ತಾರೆ.

೪

ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ವಿಜ್ಞಾನದ ಪದವೀಧರರು. ಭರತನಾಟ್ಯವನ್ನು ಕ್ರಮವಾಗಿ ಕಲಿತವರು. 'ಅಂತರಾಗ್ನಿ' ಎಂಬ ತಂಡವನ್ನು ಮೊದಲು ಕಟ್ಟಿ, ಆಮೇಲೆ ಈಗಿನ ತಂಡವನ್ನು ರೂಪಿಸಿದರು. ೨೦೦೮ರ ಅವರ ಮೊದಲ ಆಲ್ಬಮ್ ಅನ್ನು ಪ್ರಕಟಿಸಿದ್ದು ಹಿಂದೀ ಚಿತ್ರಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಅವರ ಧ್ವನಿಮುದ್ರಣ ಸಂಸ್ಥೆ. ಅದರಲ್ಲಿ ಹಿಂದಿ, ಇಂಗ್ಲಿಷ್, ಕನ್ನಡ ಮೂರೂ ಭಾಷೆಯ ಹಾಡುಗಳಿವೆ. ಕನ್ನಡದ ಪಾಲಿಗೆ ಬಂದದ್ದು ಶರೀಫರ ಪದಗಳು. ಈ ಹಂಚಿಕೆಯೇ ಅರ್ಥಗರ್ಭಿತವಾಗಿದೆ. ಪ್ರಣಯಕ್ಕೆ, ನಗರದ ಬೇಸರಕ್ಕೆ ಬೇರೆ ಭಾಷೆಗಳು. ಆಳದ ಮಾತಿಗೆ ಕನ್ನಡ, ಅದೂ ನೂರು ವರ್ಷಗಳ ಹಿಂದಿನ ಕನ್ನಡ. ಇದನ್ನು ಗೌರವವೆಂದು ತಿಳಿಯಬಹುದು. ಇಂದಿನ ಬದುಕನ್ನು ಹೇಳಲು ಇಂದಿನ ಕನ್ನಡ ಒದಗಲಿಲ್ಲವೆಂಬ ಕೊರತೆಯ ಗುರುತೆಂದೂ ತಿಳಿಯಬಹುದು. ಎರಡರಲ್ಲಿಯೂ ಸತ್ಯಾಂಶವಿದೆ.

'ಗುಡುಗುಡಿಯ ಸೇದಿ ನೋಡೋ' ಎಂಬ ಪದ ಈ ಆಲ್ಬಮ್‌ನ ಮುಖ್ಯ ಕೃತಿಗಳಲ್ಲೊಂದು. ಗುಡುಗುಡಿಯೆಂದರೆ ಹುಕ್ಕಾ. ಸೇದುವವನು ಮಾಡುವ ಒಂದೊಂದು ಕೆಲಸವನ್ನೂ ಶರೀಫರು ಸಾಧನೆಯ ಒಂದೊಂದು ಮೆಟ್ಟಿಲಾಗಿ ಬಿಡಿಸಿದ್ದಾರೆ. ಮನಸ್ಸು ಸಂಚಿ; ಅದರೊಳಗಿನ ಮೋಹವೇ ಕೊಚ್ಚಬೇಕಾದ ಭಂಗಿ; ಬುದ್ಧಿಯೇ ಮೇಲಿಡುವ ಕೆಂಡ. ಚಟದ ಸಾಮಗ್ರಿಯನ್ನೇ ಹಿಡಿದು ಚಟವನ್ನು ಸುಡುವ ಬಗೆಯನ್ನು ಹೇಳುವ ಈ ರೂಪಕದಲ್ಲಿ ಅನುಕ್ರಮ ಮುಖ್ಯ. ಸಂಚಿ ಬಿಚ್ಚದೆ ಭಂಗಿಯಿಲ್ಲ, ಕೆಂಡವಿಲ್ಲದೆ ಹೊಗೆಯಿಲ್ಲ. ರಘು ದೀಕ್ಷಿತರ ಹಾಡಿಕೆಯಲ್ಲಿ ಈ ಅನುಕ್ರಮಕ್ಕೆ ತಾಳದ ಸಹಾಯ ದೊರೆತಿದೆ. ತೆರೆದ ಗಂಟಲಿನಿಂದ ಹೊಮ್ಮುವ ಧ್ವನಿ, ಪಲ್ಲವಿ ಮರಳಿ ಬಂದಾಗ ಏರುವ ಉತ್ಸಾಹ, ಸೇದುವವನ ಉಸಿರಿನ ಏರಿಳಿತವನ್ನು ನೆನಪಿಗೆ ತರುವ ಲಯ ಇವೆಲ್ಲ ಪದದ ಸ್ವಭಾವಕ್ಕೆ ಹೊರಗಿನವಲ್ಲ. ಶರೀಫರ ಪದ ಪುಸ್ತಕದ ಹಾಳೆಯ ಮೇಲೆ ಪಡೆಯಲಾಗದ ಮೈಯನ್ನು ಇಲ್ಲಿ ಪಡೆದಿದೆ. ಇದು ಮೇಳದ ಗೆಲುವೆಂದು ನಿಸ್ಸಂಕೋಚವಾಗಿ ಹೇಳಬಹುದು.

'ಸೋರುತಿಹುದು ಮನೆಯ ಮಾಳಿಗಿ' ಎಂಬ ಪದದ ಸ್ಥಿತಿ ಇಷ್ಟು ಸರಳವಲ್ಲ. ಇಲ್ಲಿ 'ಮಾಳಿಗಿ' ಎಂಬ ಒಂದು ಶಬ್ದದ ಮೇಲೆ ಇಡೀ ಪದ ನಿಂತಿದೆ. ದಕ್ಷಿಣದ ಕನ್ನಡದಲ್ಲಿ ಮಾಳಿಗೆಯೆಂದರೆ ಮಹಡಿ, ಮೇಲಂತಸ್ತು. ಧಾರವಾಡದ ಕಡೆಯ ಬಳಕೆಯಲ್ಲಿ ಅದು ಮಣ್ಣು ಹಾಸಿದ ಸಮತಟ್ಟಾದ ಮೇಲ್ಛಾವಣಿ. ತೊಲೆಯ ಮೇಲೆ ಹಲಗೆ ಕಟ್ಟಿಗೆಗಳನ್ನು ಜೋಡಿಸಿ, ಅವುಗಳ ಮೇಲೆ ಮಣ್ಣು ಹಾಕಿ, ತುಳಿದು ಗಟ್ಟಿ ಮಾಡಿದ ಮಾಳಿಗೆ ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷವೂ ಆರೈಕೆಯನ್ನು ಬೇಡುತ್ತದೆ. ಹುಳುಕು ಬಿದ್ದ ತೊಲೆಯನ್ನು, ಇರುವೆ ತೋಡಿದ ತೂತನ್ನು ನೋಡದೆ ಬಿಟ್ಟರೆ ಕತ್ತಲ ರಾತ್ರಿಯಲ್ಲಿ ಮನೆ ಸೋರುತ್ತದೆ. ಆಗ ಮೇಲೆ ಹತ್ತಿ ಮುಚ್ಚುವ ಧೈರ್ಯ ಯಾರಿಗೂ ಇರುವುದಿಲ್ಲ. ಅಜ್ಞಾನವೆಂಬುದು ಒಮ್ಮೆಗೇ ಬಂದೆರಗುವ ಆಪತ್ತಲ್ಲ. ದಿನದಿನದ ಅಲಕ್ಷ್ಯದಿಂದ ಬೆಳೆದ ತೂತು ಎಂಬುದು ರೂಪಕದ ತಿರುಳು. ಮಾಳಿಗೆಯನ್ನು ಮಹಡಿಯೆಂದು ತಿಳಿದು ಕೇಳುವವನಿಗೆ ಉಳಿಯುವುದು ಮಳೆಯ ವಿಷಾದ ಮಾತ್ರ. ಧಾಟಿಯಲ್ಲಿ ಆ ವಿಷಾದ ಚೆನ್ನಾಗಿ ಮೂಡಿದೆ. ಅಲಕ್ಷ್ಯದ ಮೇಲಣ ಆರೋಪ ಮೂಡಿಲ್ಲ. ಈ ಕೊರತೆ ಗಾಯಕರದೊಂದೇ ಅಲ್ಲ. ಮಣ್ಣಿನ ಮಾಳಿಗೆಯೇ ಕಣ್ಮರೆಯಾಗುತ್ತಿರುವ ಕಾಲದ ಕೊರತೆ. ಆದರೆ ಅದನ್ನು ತುಂಬುವ ಪ್ರಯತ್ನ ವಾದ್ಯದಿಂದ ಆಗುವಂಥದಲ್ಲ.

೨೦೧೩ರ 'ಜಗ್ ಚಂಗಾ' ಎಂಬ ಎರಡನೆಯ ಆಲ್ಬಮ್‌ನಲ್ಲಿ 'ಲೋಕದ ಕಾಳಜಿ' ಎಂಬ ಪದವಿದೆ. ಇದರ ತೊಡಕು ಇನ್ನೂ ಸೂಕ್ಷ್ಮ. ಲೋಕದ ಚಿಂತೆಯನ್ನೆಲ್ಲ ತಾನೇ ಹೊತ್ತೇನೆಂದು ಹೊರಟವನಿಗೆ, ಬೇಡವೆಂದವರು ಯಾರು, ಮಾಡಿಕೋ ಎಂದು ಶರೀಫರು ಸಲುಗೆ ಕೊಡುತ್ತಾರೆ. ಆ ಸಲುಗೆ ಚುಚ್ಚುವ ಸಲುಗೆ. ಹೊಲ ಮನೆ ಹಣಗಳ ಚಿಂತೆ ಎಲ್ಲಿಗೆ ಮುಟ್ಟೀತೆಂಬುದನ್ನು ಮುಂದಿನ ನುಡಿಗಳು ಬಯಲು ಮಾಡುತ್ತವೆ. ಬಾಯಲ್ಲಿ ಒಪ್ಪಿಗೆ, ಒಳಗೆ ನಿರಾಕರಣೆ: ಧಾರವಾಡದ ಆಡುಮಾತಿನ ಈ ವಕ್ರತೆ ಕೊರಳಿನ ಒಂದು ಸಣ್ಣ ತಿರುವಿನಲ್ಲಿ ಮಾತ್ರ ತಿಳಿಯಬಲ್ಲುದು. ಜನಸ್ತೋಮ ಚಪ್ಪಾಳೆಯಿಟ್ಟು ದನಿಗೂಡಿಸುವ ಹಾಡಿನಲ್ಲಿ ಆ ತಿರುವು ನಿಲ್ಲುವುದು ಕಷ್ಟ. ಎಲ್ಲರೂ ಒಟ್ಟಿಗೆ ಕೂಗಿದಾಗ ವ್ಯಂಗ್ಯ ಘೋಷಣೆಯಾಗುತ್ತದೆ; ಬೇಡವೆಂದು ಹೇಳಿದ್ದು ಆಗಲೆಂದು ಕೇಳಿಸುತ್ತದೆ. ರಾಕ್ ಸಂಗೀತದ ಮುಖ್ಯ ಶಕ್ತಿ ಸಮೂಹದ ಒಮ್ಮತ. ತತ್ತ್ವಪದದ ಮುಖ್ಯ ಶಕ್ತಿ ಒಬ್ಬೊಬ್ಬ ಕೇಳುಗನನ್ನೂ ಬೇರೆಯಾಗಿ ನಿಲ್ಲಿಸಿ ಕೇಳುವ ಪ್ರಶ್ನೆ. ಇವೆರಡರ ಒಳವಿರೋಧ ಈ ಪದದಲ್ಲಿ ಇರುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದಿಲ್ಲ.

೫

ತೊಡಕಿನ ತುತ್ತತುದಿಯನ್ನು 'ಕೋಡಗನ ಕೋಳಿ ನುಂಗಿತ್ತ' ಎಂಬ ಪದದಲ್ಲಿ ನೋಡಬಹುದು. ಅಶ್ವತ್ಥರ ಧಾಟಿಯಿಂದ ಮನೆಮಾತಾದ ಈ ಪದವನ್ನು ರಘು ದೀಕ್ಷಿತರ ತಂಡವೂ ವೇದಿಕೆಯ ಮೇಲೆ ಹಾಡುತ್ತ ಬಂದಿದೆ. ಚಿಕ್ಕದು ದೊಡ್ಡದನ್ನು ನುಂಗುವ, ಆಧಾರ ಆಧೇಯವನ್ನು ನುಂಗುವ ಚಿತ್ರಗಳ ಸಾಲು ಅದು. ಆಡು ಆನೆಯನ್ನು ನುಂಗುತ್ತದೆ. ಒರಳು ಒನಕೆಯನ್ನು ನುಂಗುತ್ತದೆ. ಕುಣಿಯಲು ಬಂದವಳನ್ನು ಮದ್ದಳೆಯೇ ನುಂಗಿಬಿಡುತ್ತದೆ. ಇದು ಶರೀಫರು ಒಬ್ಬರೇ ಕಂಡುಕೊಂಡ ಬಗೆಯಲ್ಲ. ಅಲ್ಲಮಪ್ರಭುವಿನ ಬೆಡಗಿನ ವಚನಗಳು, ಕಬೀರರ ಉಲಟಬಾಂಸಿ, ಏಕನಾಥರ ಭಾರೂಡಗಳಲ್ಲಿನ ಒಗಟುಗಳು ಇವೆಲ್ಲ ಒಂದೇ ವಂಶದವು. ಲೋಕದ ತರ್ಕವನ್ನು ತಲೆಕೆಳಗು ಮಾಡಿ, ಲೋಕದ ತರ್ಕಕ್ಕೆ ನಿಲುಕದ ಅನುಭವವನ್ನು ಸೂಚಿಸುವುದು ಇವುಗಳ ಉದ್ದೇಶ.

ಈ ಬಗೆಯ ರಚನೆಯಲ್ಲಿ ಕೊನೆಯ ನುಡಿಯೇ ಬೀಗದ ಕೈ. ಮೊದಲಿನಿಂದ ನಡೆದುಬಂದ ನುಂಗುವಿಕೆಯೆಲ್ಲ ಕೊನೆಯಲ್ಲಿ ಗುರು ಗೋವಿಂದಭಟ್ಟರ ಪಾದಕ್ಕೆ ಬಂದು ಮುಟ್ಟುತ್ತದೆ. ಆ ಪಾದ ಹಾಡುವವನ ಆತ್ಮವನ್ನೇ ನುಂಗುತ್ತದೆ. ಕಳಸದ ಬ್ರಾಹ್ಮಣ ಗುರುವಿನ ಪಾದದಲ್ಲಿ ಶಿಶುನಾಳದ ಮುಸಲ್ಮಾನ ಶಿಷ್ಯ ಕರಗಿಹೋದನೆಂಬ ಈ ಮಾತು ಕೇವಲ ಉಪಚಾರದ ಅಂಕಿತವಲ್ಲ. ಲೋಕದ ಕಣ್ಣಿಗೆ ಆಡು ಆನೆಯನ್ನು ನುಂಗಿದಷ್ಟೇ ಅಸಂಭವವಾದ ಸಂಗತಿ ಅದು. ಅದು ನಡೆದೇ ಹೋಯಿತೆಂಬುದೇ ಪದದ ಸಾಕ್ಷ್ಯ. ಆ ನುಡಿಗೆ ಬರುವ ಹೊತ್ತಿಗೆ ಮೇಳ ತನ್ನ ವೇಗದ ತುದಿಯಲ್ಲಿದ್ದು, ಸಭೆ ಪಲ್ಲವಿಯ ಕುಣಿತದಲ್ಲಿಯೇ ಮೈಮರೆತಿದ್ದರೆ, ಬೀಗ ಮಾತ್ರ ಕೈಯಲ್ಲಿ ಉಳಿದು ಕೀಲಿ ಕಳೆದುಹೋಗುತ್ತದೆ. ಉಳಿದದ್ದು ಮಕ್ಕಳ ಪ್ರಾಸಪದ್ಯ. ಕುಣಿಯಲು ಬಂದವಳನ್ನು ಮದ್ದಳೆ ನುಂಗಿತೆಂಬ ಚಿತ್ರ ಆಗ ಈ ಹಾಡಿಕೆಗೇ ಅನ್ವಯಿಸುತ್ತದೆ: ಕುಣಿಯಬೇಕಾದ ಮಾತನ್ನು ವಾದ್ಯ ನುಂಗಿರುತ್ತದೆ.

ಫೇರ್‌ಪೋರ್ಟ್ ತಂಡದ ಕ್ರಮವನ್ನು ಇಲ್ಲಿ ಸ್ಮರಿಸಬೇಕು. ಅವರು ಹಾಡಿನ ಕೊನೆಯ ನುಡಿಯನ್ನು ಕಾಯ್ದುಕೊಂಡು, ಅದು ಮುಗಿದ ಮೇಲೆ ವಾದ್ಯಕ್ಕೆ ಬಿಡುಗಡೆ ಕೊಟ್ಟರು. ತತ್ತ್ವಪದಕ್ಕೆ ಈ ಕ್ರಮ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಅಂಕಿತದ ನುಡಿಯಲ್ಲಿ ಮೇಳ ತಗ್ಗಲಿ. ಕೊರಳು ಒಂದೇ ನಿಲ್ಲಲಿ. ಅದಾದ ಮೇಲೆ ಪಿಟೀಲು, ಗಿಟಾರು, ಡ್ರಮ್ಮು ಎಷ್ಟು ಬೇಕಾದರೂ ಕುಣಿಯಲಿ. ಆ ಕುಣಿತಕ್ಕೆ ಆಗ ಕಾರಣವಿರುತ್ತದೆ. ಕರಗಿದವನ ಆನಂದ ಅದಾಗುತ್ತದೆ.

ಇದರಿಂದ ತಂಡದ ಸಾಧನೆಯನ್ನು ಕಿರಿದು ಮಾಡಿದಂತೆ ಆಗಬಾರದು. ೨೦೧೦ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಸಂಗೀತ ಕಾರ್ಯಕ್ರಮದಲ್ಲಿ ಈ ತಂಡ ಹಾಡಿದಾಗ, ಫೇರ್‌ಪೋರ್ಟಿನ ನಾಡಿಗೇ ಕರ್ನಾಟಕದ ಜಾನಪದ ರಾಕ್ ಹೋಗಿ ಮುಟ್ಟಿದಂತಾಯಿತು. ರಘು ದೀಕ್ಷಿತರ ತಮ್ಮ ವಾಸು ದೀಕ್ಷಿತರು ಹಾಡುವ 'ಸ್ವರಾತ್ಮ' ತಂಡ ೨೦೦೯ರಿಂದ ಹೊರತಂದ ಆಲ್ಬಮ್‌ಗಳಲ್ಲಿ ಹಿಂದಿಯ ಜೊತೆಗೆ ಕನ್ನಡದ ಸ್ವಂತ ರಚನೆಗಳಿಗೂ ಎಡೆ ಕೊಟ್ಟಿತು. ಹಳೆಯ ಪದವನ್ನು ಹಾಡುವುದರ ಜೊತೆಗೆ ಅದರ ಹದವನ್ನು ಅರಿತು ಹೊಸ ಪದವನ್ನು ಕಟ್ಟುವುದು ಈ ದಾರಿಯ ಮುಂದಿನ ಹೆಜ್ಜೆ. ಫೇರ್‌ಪೋರ್ಟ್ ತಂಡವೂ 'ಲೀಜ್ ಅಂಡ್ ಲೀಫ್' ಆಲ್ಬಮ್‌ನಲ್ಲಿ ಹಳೆಯ ಧಾಟಿಯೊಂದಕ್ಕೆ ಥಾಮ್ಸನ್ನನ ಹೊಸ ಮಾತನ್ನು ಕೂಡಿಸಿ ಅದನ್ನೇ ಮಾಡಿತು.

೬

ಹೊರನಾಡಿನಲ್ಲಿ ಈ ಪ್ರಶ್ನೆಯ ತೂಕ ಬೇರೆ. ಧಾರವಾಡದ ಹುಡುಗನಿಗೆ ಗಿಟಾರಿನ ಶರೀಫರು ಎರಡನೆಯ ಶರೀಫರು. ಮೊದಲನೆಯವರು ಅವನ ಊರಿನ ಭಜನೆಯಲ್ಲಿ, ಅಜ್ಜಿಯ ಬಾಯಲ್ಲಿ, ಬೀದಿಯ ಆಡುಮಾತಿನಲ್ಲಿ ಇದ್ದಾರೆ. ನಾಗಪುರದ ರಾಮದಾಸಪೇಠದ ಕನ್ನಡ ಮನೆಯ ಮಗುವಿಗೆ ಮೊದಲನೆಯವರೂ ಇವರೇ, ಕೊನೆಯವರೂ ಇವರೇ. ಆ ಮಗುವಿಗೆ ಬೀದಿಯಲ್ಲಿ ಮರಾಠಿ, ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಊಟದ ಮನೆಯ ಭಾಷೆ. ಓದಲು ಬಾರದಿದ್ದರೂ ಹಾಡಲು ಬರುತ್ತದೆಂಬುದೇ ತಂದೆತಾಯಿಗಳ ಸಮಾಧಾನ. ರಾಜ್ಯೋತ್ಸವದ ವೇದಿಕೆಯ ಮೇಲೆ ಆ ಮಗು ಕೋಡಗ, ಕೋಳಿಗಳ ಪದವನ್ನು ಗಿಟಾರಿನ ಧಾಟಿಯಲ್ಲಿ ತಪ್ಪಿಲ್ಲದೆ ಹಾಡಬಹುದು. ಕೋಡಗವೆಂದರೆ ಕೋತಿ ಎಂಬುದು ಅದಕ್ಕೆ ತಿಳಿದಿದೆಯೇ ಎಂದು ಕೇಳಿದರೆ ಸಮಾಧಾನ ಕದಡುತ್ತದೆ.

ಇದೇ ಊರಿನಲ್ಲಿ ಹೋಲಿಕೆಗೆ ಇನ್ನೊಂದು ನಿದರ್ಶನವಿದೆ. ವಿದರ್ಭದ ತುಕಡೋಜಿ ಮಹಾರಾಜರ (೧೯೦೯–೧೯೬೮) ಖಂಜಿರಿ ಭಜನೆಗಳು ಇಂದಿಗೂ ಜನರ ಬಾಯಲ್ಲಿವೆ. ನಾಗಪುರದ ವಿಶ್ವವಿದ್ಯಾಲಯ ಅವರ ಹೆಸರನ್ನು ಹೊತ್ತಿದೆ. ಆ ಭಜನೆಯನ್ನು ನಾಳೆ ಯಾವ ವಾದ್ಯದೊಡನೆ ಹಾಡಿದರೂ ಅರ್ಥ ಕೆಡುವ ಭಯವಿಲ್ಲ. ಸುತ್ತಲೂ ಆಡುಮಾತಿದೆ, ಹಾಡು ಬಿಟ್ಟದ್ದನ್ನು ಬೀದಿ ತುಂಬಿಕೊಡುತ್ತದೆ. ಶರೀಫರ ಪದಕ್ಕೆ ಇಲ್ಲಿ ಆ ಬೀದಿಯಿಲ್ಲ. ಹೊರನಾಡಿನ ಕನ್ನಡಿಗನಿಗೆ ಒಂದು ಸಣ್ಣ ಅನುಕೂಲವೂ ಉಂಟು. ಧಾರವಾಡದ ಕನ್ನಡದ ಎಷ್ಟೋ ಶಬ್ದಗಳು ಮರಾಠಿಯೊಡನೆ ಹಂಚಿಕೊಂಡವು. 'ಕಾಳಜಿ'ಯನ್ನು ನಾಗಪುರದ ಮಗು ಮನೆಯಲ್ಲಿ ಕಲಿಯದಿದ್ದರೂ ಬೀದಿಯಲ್ಲಿ ಕಲಿತಿರುತ್ತದೆ. ಅದೇ ಶಬ್ದದ ಕೈ ಹಿಡಿದು ಅದನ್ನು ಶರೀಫರವರೆಗೆ ನಡೆಸಿಕೊಂಡು ಹೋಗಬಹುದು. ನಡೆಸುವವರು ಬೇಕಷ್ಟೆ.

ಹಾಡಿನ ಮಾರುಕಟ್ಟೆಯ ಈಚಿನ ಬದಲಾವಣೆ ಈ ಕೆಲಸವನ್ನು ಇನ್ನಷ್ಟು ಅಗತ್ಯಗೊಳಿಸಿದೆ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಕವಿಯ ಹೆಸರಾದರೂ ಇರುತ್ತಿತ್ತು. ಹಾಡುಗಳಿಗೆ ಒಂದು ಕ್ರಮವಿರುತ್ತಿತ್ತು. ಈಗ ಆಲ್ಬಮ್ ಒಡೆದು ಬಿಡಿಹಾಡುಗಳಾಗಿ ಕೈಯೊಳಗಿನ ದೂರವಾಣಿಗೆ ಇಳಿಯುತ್ತವೆ. ಹೆಸರು, ಅಂಕಿತ, ಪೂರ್ವಾಪರ ಯಾವುದೂ ಹಾಡಿನ ಜೊತೆ ಬರಲೇಬೇಕೆಂದಿಲ್ಲ.

ಆದ್ದರಿಂದ ಶರೀಫರ ಹೊಸ ಮೇಳವನ್ನು ತಳ್ಳಿಹಾಕುವುದೂ ಸಲ್ಲದು, ಅದರಿಂದಲೇ ಕನ್ನಡ ಉಳಿಯಿತೆಂದು ನೆಮ್ಮದಿಯಾಗಿ ಕೂರುವುದೂ ಸಲ್ಲದು. ಮೇಳ ತನ್ನ ಪಾಲಿನ ಕೆಲಸವನ್ನು ಮಾಡಿದೆ. ಕಿವಿಯನ್ನು ಹತ್ತಿರಕ್ಕೆ ತಂದಿದೆ. ಉಳಿದ ಪಾಲು ಕನ್ನಡ ಸಂಘಗಳದು, ಮನೆಯ ಹಿರಿಯರದು. ಇಂಗ್ಲೆಂಡಿನಲ್ಲಿ ಚೈಲ್ಡ್, ಶಾರ್ಪರ ಸಂಗ್ರಹಗಳು ತಂಡದ ಹಿಂದೆ ನಿಂತಂತೆ, ಇಲ್ಲಿಯೂ ಪಾಠವನ್ನು ಬಲ್ಲವರು ಹಾಡುವವರ ಹಿಂದೆ ನಿಲ್ಲಬೇಕಾಗಿದೆ. ಪದವನ್ನು ವೇದಿಕೆಗೆ ಏರಿಸುವ ಮೊದಲು ಅದರ ಪೂರ್ಣ ಪಾಠವನ್ನು ಮಕ್ಕಳ ಕೈಗೆ ಕೊಡುವುದು, ಮಾಳಿಗೆ, ಒನಕೆ, ಕೋಡಗಗಳನ್ನು ತಿಳಿಸುವುದು, ಹಾಡಿನ ನಡುವೆ ನಿಂತು ಅರ್ಥ ಹೇಳುವ ಭಜನೆಯ ಹಳೆಯ ಕ್ರಮವನ್ನು ಮತ್ತೆ ರೂಢಿಗೆ ತರುವುದು ದೊಡ್ಡ ವೆಚ್ಚದ ಕಾರ್ಯವಲ್ಲ. ಹತ್ತು ಪದಗಳನ್ನು ಹಾಡಿಸುವ ಸಂಜೆಯಲ್ಲಿ ಐದನ್ನು ಹಾಡಿಸಿ, ಉಳಿದ ವೇಳೆಯನ್ನು ಅರ್ಥಕ್ಕೆ ಕೊಟ್ಟರೂ ಸಾಕು. ಗಿಟಾರು ಆಗ ಏಕತಾರಿಯ ಮನೆಗೆ ಬಂದ ಹೊಸ ನೆಂಟನಾಗುತ್ತದೆ. ಮನೆಯನ್ನು ಆಕ್ರಮಿಸಿದ ಪರಕೀಯನಾಗುವುದಿಲ್ಲ.